ಇಂಜಿನಿಯರಮ್ಮ ಬಡಿಸಿದ ಊಟ

"ಏಯ್, ಇಲ್ಲಿ! ಇನ್ನೊಂದು ತೋರ್ತಿಯಾ ಹಾಕು!" ಕೋಟು ತೊಟ್ಟವನು ತಟ್ಟೆ ಚಾಚಿದ.

ನಾಯೆಲಿಯ ಅಮ್ಮ ಗ್ರಿಸೆಲ್ದಾ ನಗುತ್ತಲೇ ಇನ್ನೊಂದು ಮೆಕ್ಕೆಜೋಳದ ರೊಟ್ಟಿ ಬಡಿಸಿದಳು.

ಅಂದು ಸಾಂತಾ ಕ್ರೂಸ್, ಸ್ಪ್ಯಾನಿಷ್ ಮಾತಾಡುವ ಗಾರೆ ಕೆಲಸದವರ ಹಬ್ಬ. ಸಾನ್ ಆಂಟೋನಿಯೊ ನಗರದಲ್ಲಿ ಏಳುತ್ತಿದ್ದ ಆಸ್ಪತ್ರೆಯ ನೆತ್ತಿಯಲ್ಲಿ ಕೆಲಸಗಾರರು ಹೂವು, ಬಣ್ಣದ ಕಾಗದ ಸುತ್ತಿದ ಶಿಲುಬೆ ನಿಲ್ಲಿಸಿದ್ದರು. ಈ ದಿನ ಇಂಜಿನಿಯರೇ ಎಲ್ಲರಿಗೂ ಬಡಿಸಬೇಕು, ತಾನು ಕೊನೆಗೆ ಉಣ್ಣಬೇಕು. ಅದಕ್ಕೇ ಅಮ್ಮ ಏಪ್ರನ್ ಕಟ್ಟಿದ್ದಳು. ಈ ಕಟ್ಟಡದ ಇಂಜಿನಿಯರ್ ಅವಳೇ!

ಕೋಟಿನವನು ಕಂಪನಿಯ ಹೊಸ ಸಾಹೇಬ ವಿಟ್ಲಾಕ್. ಇಲ್ಲಿಗೆ ಇದೇ ಮೊದಲ ಸಲ ಬಂದಿದ್ದ.

"ಊಟ... ತುಂಬಾ... ಚೆನ್ನಾಗಿದೆ!" ಕಿವುಡರಿಗೆ ಹೇಳುವಂತೆ ಇಂಗ್ಲಿಷಿನಲ್ಲಿ ಕೂಗಿದ. "ಇಂಜಿನಿಯರ್ ಎಲ್ಲಿ? ಫೋಟೊ ತೆಗೀಬೇಕು."

"ನಾನೇ ಸರ್," ಎಂದಳು ಅಮ್ಮ.

ಅವನು ಹೊಟ್ಟೆ ಕುಲುಕಿಸಿ ನಕ್ಕ. "ಒಳ್ಳೇ ಜೋಕು! ಹಿಡಿ, ನಮ್ದೊಂದು ಫೋಟೊ ತೆಗಿ." ಫೋನನ್ನು ಅವಳ ಕೈಗೆ ತುರುಕಿ, ಕೆಲಸಗಾರರ ನಡುವೆ ಹೋಗಿ ನಿಂತ.

ಅಮ್ಮನ ಪಕ್ಕದಲ್ಲೇ ನಿಂತಿದ್ದ ನಾಯೆಲಿಗೆ ಮೈಯೆಲ್ಲ ಉರಿದುಹೋಯಿತು. ಪಾಯ ಅಗೆದ ದಿನದಿಂದ ಬಿಸಿಲಲ್ಲಿ ಬೆಂದವಳು ಅಮ್ಮ. ಈ ಮಹಾಶಯ ಬಂದದ್ದು ಊಟದ ಹೊತ್ತಿಗೆ!

"ಅಮ್ಮಾ, ಏಪ್ರನ್ ಬಿಚ್ಚು! ಹೆಲ್ಮೆಟ್ ಹಾಕ್ಕೋ! ಆಗ್ಲಾದ್ರೂ ಗೊತ್ತಾಗುತ್ತೆ."

"ಯಾಕೆ ಬಿಚ್ಲಿ ಮರಿ? ಇವತ್ತು ಬಡಿಸೋದೂ ನನ್ ಕೆಲ್ಸಾನೇ."

"ನಿಂಗೆ ಸಿಟ್ಟೇ ಬರಲ್ವಾ?"

ಅಮ್ಮ ಫೋನನ್ನು ಎತ್ತಿ ಹಿಡಿದಳು.

ಅಷ್ಟರಲ್ಲಿ ಮುದುಕ ಮೇಸ್ತ್ರಿ ಎಲೀಹಿಯೊ ಸಾಹೇಬನ ಪಕ್ಕದಿಂದ ಸರಿದ. "ಇಂಜಿನಿಯರಮ್ಮ ಇಲ್ದೆ ಎಂಥಾ ಫೋಟೊ? ನಾನಂತೂ ನಿಲ್ಲಲ್ಲ." ಉಳಿದವರೂ ಒಬ್ಬೊಬ್ಬರಾಗಿ ಅವನ ಹಿಂದೆ ಸರಿದರು.

"ಏನಂತೆ ಇವರಿಗೆ?" ವಿಟ್ಲಾಕ್‌ಗೆ ಸ್ಪ್ಯಾನಿಷ್ ಅರ್ಥವಾಗಲಿಲ್ಲ.

"ಇಂಜಿನಿಯರ್ ಇಲ್ದೆ ನಿಲ್ಲಲ್ವಂತೆ ಸರ್!" ನಾಯೆಲಿ ಇಂಗ್ಲಿಷಿನಲ್ಲಿ ಕಿರುಚಿದಳು. "ನಿಮಗೆ ಊಟ ಹಾಕಿದ್ರಲ್ಲ, ಅವರೇ ಇಂಜಿನಿಯರ್. ನಮ್ಮಮ್ಮ!"

ಅವನ ಮುಖ ಬೀಟ್‌ರೂಟ್ ಆಯಿತು. ಅಮ್ಮ ಏಪ್ರನ್‌ನಲ್ಲೇ ಹೋಗಿ ಫೋನನ್ನು ಅವನ ಕೈಗಿಟ್ಟಳು.

"ನೀವೇ ತೆಗೀರಿ ಸರ್."

ಎಲ್ಲರೂ ಅವಳ ಸುತ್ತ ಬಂದು ನಿಂತರು. ನಾಯೆಲಿ ಓಡಿಹೋಗಿ ಅಮ್ಮನ ಕೈ ಹಿಡಿದಳು.

ಅಮ್ಮ ಫೋಟೊಗೆ ನಗುತ್ತಿದ್ದಳು. ಆದರೆ ಅವಳ ಕೈ ನಾಯೆಲಿಯ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಅದುಮಿತ್ತು. ಎಷ್ಟು ವರ್ಷದ ಸಿಟ್ಟೋ ಏನೋ.

ನಾಯೆಲಿ ಕೈ ಬಿಡಿಸಿಕೊಳ್ಳಲಿಲ್ಲ. ತಾನೂ ಅಷ್ಟೇ ಬಿಗಿಯಾಗಿ ಹಿಡಿದಳು.