ಕೊನೆಯ ಹೊಲಿಗೆ

“ಸೂಜಿ ಕೆಳಗಿಡು!”

ಅತ್ತೆಯ ಆ ಒಂದು ಮಾತಿಗೆ, ಹೊಲಿಗೆ ಯಂತ್ರ ತುಳಿಯುತ್ತಿದ್ದ ಮಗನ ಕಾಲೂ ಗಕ್ಕನೆ ನಿಂತುಹೋಯಿತು. ಸೊಸೆ, ನಾಟಕದ ರಾಣಿಯ ಪಾತ್ರದ ಲಂಗವನ್ನು ಮಡಿಲಲ್ಲಿ ಹರವಿಕೊಂಡು ಅದರ ಚಿನ್ನದ ಬಣ್ಣದ ಅಂಚಿಗೆ ಇನ್ನೇನು ಸೂಜಿ ಚುಚ್ಚುವುದರಲ್ಲಿದ್ದಳು.

“ನಾಟಕದವರ ಗಾಡಿ ಬರೋ ಹೊತ್ತಾಯ್ತು ಅತ್ತೆ. ನಿಮಗೆ ಇನ್ನೂ ಆರು ಉಡುಪು ಬಾಕಿ ಇದೆ. ಇದೊಂದನ್ನ ನಾನು...”

“ಈ ಮನೇಲಿ ಕೊನೇ ಹೊಲಿಗೆ ಹಿರಿಯರದ್ದು. ನಮ್ಮತ್ತೆ ಕೈಯಿಂದ ನನ್ನ ಕೈಗೆ ಬಂತು. ನಿನಗೆ ಕೊಡೋ ದಿನ ನಾನೇ ಕೊಡ್ತೀನಿ. ಹನ್ನೆರಡು ವರ್ಷ ಕಾದಿದ್ದೀಯ, ಇನ್ನೆರಡು ದಿನ ಕಾದ್ರೆ ನಿನ್ನ ಗಂಟೇನು ಹೋಗುತ್ತೆ? ಇವತ್ತಿನ ಆಟದಲ್ಲಿ ನಿನ್ನಿಂದ ಒಂದು ಗುಂಡಿ ಉದುರಲಿ ಸಾಕು, ಸೂಜಿ ಕತ್ತರಿ ಎಲ್ಲಾ ಕಿರೀ ಸೊಸೆಗೆ!”

ಆ ಕಿರಿಯ ಸೊಸೆ ಪಕ್ಕದ ಬೀದಿಯಲ್ಲಿ ಬೇರೆ ಮನೆ ಮಾಡಿದ್ದವಳು, ಗುಂಡಿ ಹಾಕಲು ಕೂತರೆ ಆ ಅಂಗಿಯನ್ನು ತನ್ನ ಅಂಗಿಗೇ ಸೇರಿಸಿ ಹೊಲಿದುಕೊಂಡು ಏಳುವಂಥವಳು! ಆದರೂ ಹಿರಿಯ ಸೊಸೆಯ ಕಣ್ಣಲ್ಲಿ ನೀರು ತುಂಬಿತು. ಕತ್ತರಿಸುವುದು, ಅಳೆಯುವುದು, ಯಂತ್ರಕ್ಕೆ ಕೊಡುವುದು ಎಲ್ಲವೂ ಅವಳದೇ. ಉಡುಪಿಗೆ ಅಂಚು ಕೂರಿಸಿ ಕೈಯಿಂದ ಹಾಕುವ ಆ ಕೊನೆಯ ಹೊಲಿಗೆ ಮಾತ್ರ ಅವಳದಲ್ಲ. ಅದು ಸಿಗುವವರೆಗೆ ತಾನು ಈ ಮನೆಯಲ್ಲಿ ಕೂಲಿಯವಳೇ ಹೊರತು ಸೊಸೆಯಲ್ಲ ಎಂದೇ ಅವಳಿಗೆ ಅನಿಸುತ್ತಿತ್ತು. ಲಂಗವನ್ನು ಅತ್ತೆಯ ಮುಂದಿಟ್ಟು ಕಣ್ಣೊರೆಸಿಕೊಂಡಳು. ಅತ್ತೆ ಒಂದೊಂದಾಗಿ ಎಲ್ಲವನ್ನೂ ಮುಗಿಸಿ ಮಡಿಸಿಡುವಷ್ಟರಲ್ಲಿ ಬಾಗಿಲಲ್ಲಿ ಗಾಡಿಯ ಹಾರ್ನ್ ಕೇಳಿಸಿತು.

ಬಡಾವಣೆಯವರೆಲ್ಲ ಕತ್ತರಿಯಮ್ಮ ಎಂದು ಕರೆಯುವ ಈ ಅತ್ತೆ ಮೂವತ್ತು ವರ್ಷ ನಾಟಕಗಳಿಗೆ ಬಟ್ಟೆ ಹೊಲಿದಿದ್ದರೂ ಒಂದು ದಿನವೂ ಪ್ರೇಕ್ಷಕರ ನಡುವೆ ಕೂತವರಲ್ಲ. ಈ ಸಲ ಮಗ ಹಟ ಹಿಡಿದು, ಮಧ್ಯಾಹ್ನದ ಸಂಗೀತ ನಾಟಕಕ್ಕೆ ಮೂರನೆಯ ಸಾಲಿನಲ್ಲಿ ಮೂರು ಟಿಕೆಟ್ ತಂದಿದ್ದ. ಅಮ್ಮನಿಗೂ ಹೆಂಡತಿಗೂ ನಡುವೆ ಕೂರುವ ಧೈರ್ಯ ಅವನಿಗಿರಲಿಲ್ಲ. ಕೊನೆಯ ಕುರ್ಚಿಗೆ ಹೋಗಿ ಕೂತವನು, ದೀಪ ಆರುವ ಮೊದಲೇ ನಿದ್ದೆ ಹೋದ.

ಪರದೆ ಎದ್ದಿತು. ಪಿಟೀಲುಗಳು ಒಟ್ಟಾಗಿ ಮೊಳಗಿದವು. ಸೊಸೆಗೆ ಮೈಯೆಲ್ಲ ರೋಮಾಂಚನ! ತಾನು ಕತ್ತರಿಸಿದ ಬಟ್ಟೆಗಳು ಅಲ್ಲಿ ಹಾಡುತ್ತಿದ್ದವು, ಜಗಳವಾಡುತ್ತಿದ್ದವು. ಅತ್ತೆ ಮೊಣಕೈಯಿಂದ ತಿವಿದು ಪಿಸುಗುಟ್ಟಿದರು.

“ನೋಡೇ, ನಮ್ಮ ರಾಣಿ ಎಷ್ಟು ಗಂಭೀರವಾಗಿ ನಿಂತಿದ್ದಾಳೆ! ಒಂದು ನಿರಿಗೆ ಕದಲಿಲ್ಲ.”

ಸೊಸೆ ನೋಡಿದಳು. ಅತ್ತೆ ಬೆರಳು ತೋರಿಸುತ್ತಿದ್ದುದು ಹೊಳೆಯುವ ಬಟ್ಟೆ ಸುತ್ತಿದ್ದ ಅರಮನೆಯ ಕಂಬವನ್ನು! ರಾಣಿ ಇನ್ನೂ ರಂಗಕ್ಕೆ ಬಂದೇ ಇರಲಿಲ್ಲ. ಸೊಸೆಗೆ ಮೊದಲು ನಗು ಬಂತು. ಮರುಕ್ಷಣ ವಿಷಯ ಹೊಳೆಯಿತು. ಅಯ್ಯೋ... ಅತ್ತೆಗೆ ಕಣ್ಣು ಕಾಣುತ್ತಿಲ್ಲ! ಈ ಸಿಡುಕು, ಸೂಜಿ ಮುಟ್ಟಿದರೆ ಗದರುವುದು, ಎಲ್ಲವೂ ಇದಕ್ಕೇ... ಹಾಗಾದರೆ ಆ ಲಂಗ?

ಹಾಡುತ್ತಾ ಬಂದ ರಾಣಿಯ ಲಂಗದ ಅಂಚಿನ ಮೇಲೆ ದಪ್ಪ ಬಿಳಿ ದಾರ ದೀಪದ ಬೆಳಕಿಗೆ ಎದ್ದು ಕಾಣುತ್ತಿತ್ತು. ಅದು ಬಟ್ಟೆ ಜರುಗದಿರಲೆಂದು ಮೊದಲಿಗೆ ಹಾಕುವ ಕಚ್ಚಾ ಹೊಲಿಗೆ. ಅದರ ಮೇಲೆ ಭದ್ರವಾದ ಹೊಲಿಗೆ ಬಿದ್ದೇ ಇರಲಿಲ್ಲ! ರಾಣಿ ಗಿರ್ರನೆ ಒಂದು ಸುತ್ತು ಸುತ್ತಿದಳು, ಎರಡು ಸುತ್ತಿದಳು... ಮೂರನೆಯ ಸುತ್ತಿಗೆ ಅಂಚು ಪೂರ್ತಿ ಬಿಚ್ಚಿಕೊಂಡು ಬಾಲದಂತೆ ಹಿಂದೆ ಎಳೆದಾಡಿತು. ಸಭೆ ಹಾ ಎಂದಿತು. ಆದರೆ ಆಕೆ ಗಟ್ಟಿಗಿತ್ತಿ. ಹಾಡು ನಿಲ್ಲಿಸದೆ ಆ ಪಟ್ಟಿಯನ್ನು ಎತ್ತಿ, ಯುದ್ಧಕ್ಕೆ ಹೊರಟಿದ್ದ ರಾಜನ ಕೊರಳಿಗೆ ಸುತ್ತಿ ದರದರನೆ ಅರಮನೆಯೊಳಕ್ಕೆ ಎಳೆದುಕೊಂಡು ಹೋದಳು! ಚಪ್ಪಾಳೆ, ನಗು, ಶಿಳ್ಳೆ! ಮಗ ಗಾಬರಿಯಿಂದ ಎಚ್ಚೆತ್ತು ತಾನೂ ಚಪ್ಪಾಳೆ ಹೊಡೆದ.

“ಏನಾಯ್ತೇ? ಯಾಕೆ ನಗ್ತಿದ್ದಾರೆ?” ಅತ್ತೆ ಸೊಸೆಯ ತೋಳು ಹಿಡಿದು ಕೇಳಿದರು.

“ರಾಣಿ ಲಂಗದ ಅಂಚು ಬಿಚ್ಚಿಹೋಯ್ತು ಅತ್ತೆ...” ಸೊಸೆ ಅತ್ತೆಯ ಮುಖ ನೋಡಿದಳು. ಹನ್ನೆರಡು ವರ್ಷದ ಆಸೆಯನ್ನು ಅಲ್ಲೇ ಬಿಟ್ಟುಕೊಟ್ಟಳು. “ನನ್ನದೇ ತಪ್ಪು. ಬೆಳಿಗ್ಗೆ ನೀವು ನೀರು ಕುಡಿಯೋಕೆ ಎದ್ದಾಗ ನಿಮ್ಮ ಹೊಲಿಗೆ ಬಿಚ್ಚಿ ನಾನೇ ಹೊಲಿದೆ. ಕತ್ತರಿ ಕಿರಿಯವಳಿಗೇ ಕೊಡಿ.”

ಮಧ್ಯಂತರದ ದೀಪ ಹತ್ತಿದೊಡನೆ ನಾಟಕದ ಯಜಮಾನ ಆ ಪಟ್ಟಿಯನ್ನೇ ಹಿಡಿದು ಓಡಿಬಂದ.

“ಕತ್ತರಿಯಮ್ಮಾ! ಅಂಚು ಬಿಚ್ಚೋ ಈ ಉಪಾಯ ಯಾರದ್ದು? ನಾಳೆಯ ಆಟದಲ್ಲೂ ಸರಿಯಾಗಿ ಮೂರನೇ ಸುತ್ತಿಗೇ ಬಿಚ್ಚಬೇಕು!”

ಅತ್ತೆ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿದರು. ದಪ್ಪ ದಾರದ ಉದ್ದಕ್ಕೂ ಸವರುತ್ತಾ ಹೋಗಿ ತುದಿಯ ಗಂಟಿನ ಮೇಲೆ ಬೆರಳು ನಿಲ್ಲಿಸಿದರು.

“ಇದು ನನ್ನ ಎರಡು ಸುತ್ತಿನ ಗಂಟು. ನೀನು ಬಿಚ್ಚಿ ಹೊಲಿದಿದ್ರೆ ಇದು ಎಲ್ಲಿಂದ ಬರ್ತಿತ್ತು? ಕಚ್ಚಾ ಹೊಲಿಗೆ ಹಾಕಿ, ಮುಗೀತು ಅಂದ್ಕೊಂಡು ಕಳಿಸಿಬಿಟ್ಟೆ... ಕಾಣಲ್ಲ ಕಣೇ! ಒಂದು ವರ್ಷದಿಂದ ಎಲ್ಲಾ ಮಸುಕು. ಹೇಳಿದ್ರೆ ಮೂಲೇಲಿ ಕೂರಿಸ್ತೀರೇನೋ ಅಂತ...” ಅತ್ತೆ ಬಿಕ್ಕಿದರು. ಸೊಸೆಯೂ ಬಿಕ್ಕಿದಳು. ಯಜಮಾನ ಏನೂ ಅರ್ಥವಾಗದೆ ಮಗನ ಮುಖ ನೋಡಿದ. ಮಗ ಟಿಕೆಟ್ ಮೇಲಿನ ಸಂಖ್ಯೆ ಓದತೊಡಗಿದ.

“ಹನ್ನೆರಡು ವರ್ಷದಲ್ಲಿ ನೀನು ಹೇಳಿದ್ದು ಒಂದೇ ಸುಳ್ಳು,” ಅತ್ತೆ ಮೂಗೊರೆಸಿಕೊಂಡರು. “ಅದನ್ನೂ ನೆಟ್ಟಗೆ ಹೊಲಿಯೋಕೆ ಬರ್ಲಿಲ್ಲವಲ್ಲೇ!”

ಕೊರಳಪಟ್ಟಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ತೆಗೆದು ಸೊಸೆಯ ಕೊರಳಪಟ್ಟಿಗೆ ತಡವಿ ತಡವಿ ಚುಚ್ಚಿದರು.

“ಇನ್ಮೇಲೆ ಕೊನೇ ಹೊಲಿಗೆ ನಿಂದು. ನಾಳೆ ಈ ಅಂಚು ಬಿಚ್ಚೋ ಹಾಗೆ ಹಾಕು. ಮಿಕ್ಕಿದ್ದೆಲ್ಲ ಬಿಚ್ಚದ ಹಾಗೆ.”

“ಮೊದಲು ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ ಅತ್ತೆ. ಆಮೇಲೆ ಅಂಚು.”

ಗಂಟೆ ಹೊಡೆಯಿತು. ದೀಪ ಆರಿತು. ಪರದೆ ಏಳುತ್ತಿದ್ದಂತೆ ಅತ್ತೆ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳ ಕಿವಿಯ ಬಳಿ ಬಾಗಿದರು.

“ಈಗ ಹಾಡ್ತಿರೋದು ಯಾರೇ?”

“ಕಂಬ, ಅತ್ತೆ. ಆಗ ನೀವು ರಾಣಿ ಅಂತ ಮೆಚ್ಚಿದ್ರಲ್ಲ, ಅದೇ.”

ಅತ್ತೆ ಕಿಸಕ್ಕನೆ ನಕ್ಕುಬಿಟ್ಟರು. ಸೊಸೆಯೂ ನಕ್ಕಳು. ಹಿಂದಿನ ಸಾಲಿನವರು ಎರಡು ಸಲ “ಶ್!” ಎಂದರೂ ಇಬ್ಬರ ನಗು ನಿಲ್ಲಲಿಲ್ಲ.