ಬೋರ್ಡೋದಲ್ಲಿ ಎರಡು ಹಾಸಿಗೆಯ ಕೋಣೆ

ಬೋಪಣ್ಣ ತನಗೆ ಯಾವಾಗಲೂ ಎರಡು ಹಾಸಿಗೆಯ ಕೋಣೆಯನ್ನೇ ಕೇಳುತ್ತಿದ್ದ. ಅವನಿಗೆ ಮದುವೆಯಾಗಿದೆ, ಹೆಂಡತಿ ಆಗಾಗ ಅಲ್ಲಿಗೆ ಬಂದುಹೋಗುತ್ತಾಳೆ ಅಂತ ಹಂಸಿನಿ ತಿಳಿದುಕೊಂಡಿದ್ದು ಅದರಿಂದಲೇ.

ದೆಹಲಿಯ ಹೌಜ್ ಖಾಸ್‌ನ ಒಂದು ಟ್ರಾವೆಲ್ ಕಂಪನಿಯಲ್ಲಿ ಅವಳ ಕೆಲಸ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿತೋಟಗಳ ನಡುವೆ ಇರುವ ಹಳೇ ಬಂಗಲೆ ಹೋಟೆಲುಗಳಲ್ಲಿ ದೆಹಲಿಯ ದುಡ್ಡಿದ್ದವರಿಗೆ ಕೋಣೆ ಬುಕ್ ಮಾಡುತ್ತಿದ್ದಳು. ಅವರನ್ನು ಅಲ್ಲಿಗೆ ಕರೆದೊಯ್ದು ಸುತ್ತಾಡಿಸುವವನು ಬೋಪಣ್ಣ, ಸೈನ್ಯ ಬಿಟ್ಟು ಬಂದ ಕೊಡಗಿನವನು. ವರ್ಷದಲ್ಲಿ ಅರ್ಧ ಅಲ್ಲಿ, ಉಳಿದರ್ಧ ದೆಹಲಿ ಪಕ್ಕದ ಫರೀದಾಬಾದ್‌ನಲ್ಲಿ. ಆಫೀಸಿಗೆ ಬರುವುದು ಅಪರೂಪ. ಅವರಿಬ್ಬರ ಪರಿಚಯವೆಲ್ಲ ಫೋನಿನಲ್ಲೇ ಬೆಳೆದದ್ದು.

ಗೆಸ್ಟುಗಳು ಫ್ರೆಂಚ್ ಅಡುಗೆಯವನಿಂದ ಖಿಚಡಿ ಮಾಡಿಸಿದ ಕಥೆಯನ್ನು ಮೊದಲು ಹೇಳುತ್ತಿದ್ದ. ಆಮೇಲೆ ದನಿ ತಗ್ಗುತ್ತಿತ್ತು. ಈ ಕೋಣೆಯ ಕಿಟಕಿ ಪಡುವಣಕ್ಕಿದೆ, ದ್ರಾಕ್ಷಿಯ ಪ್ರತಿ ಸಾಲಿನ ತುದಿಗೂ ಒಂದು ಗುಲಾಬಿ ಗಿಡ ನೆಟ್ಟಿದ್ದಾರೆ, ಬಿಸಿಲು ಈಗ ಜೇನಿನ ಬಣ್ಣಕ್ಕೆ ತಿರುಗಿದೆ ಅನ್ನುತ್ತಿದ್ದ. ಅಷ್ಟರಲ್ಲಿ, "ಸರಸು ಫೋನ್ ಮಾಡ್ತಿದ್ದಾಳೆ, ಇಡ್ತೀನಿ" ಅಂತ ಮುಗಿಸಿಬಿಡುತ್ತಿದ್ದ.

ಒಂದು ಮದುವೆ ಮುರಿದುಕೊಂಡು ಬಂದವಳು ಹಂಸಿನಿ. ಇನ್ನೊಬ್ಬಳ ಗಂಡನ ದನಿಗೆ ಕಾಯಬಾರದು ಅಂತ ಅವಳಿಗೆ ಗೊತ್ತಿತ್ತು. ಕಾಯುತ್ತಿದ್ದಳು. ಅದಕ್ಕೇ ಮಾತು ಮಾತಿಗೂ ಅವನನ್ನು ಸರ್ ಅನ್ನುತ್ತಿದ್ದಳು.

ಈ ನವೆಂಬರಿನಲ್ಲಿ ಬೋಪಣ್ಣ ರಾಜೀನಾಮೆ ಕೊಡಲು ಬಂದ. ಗಡ್ಡದಲ್ಲಿ ಬಿಳಿ ಕೂದಲು, ಕಣ್ಣ ಕೆಳಗೆ ಕಪ್ಪು. ಅವನ ಜಾಗಕ್ಕೆ ಹಂಸಿನಿಯನ್ನೇ ಕಳಿಸುವುದಾಗಿ ಮ್ಯಾನೇಜರ್ ಹೇಳಿದರು. ಸಂತೋಷಪಡಬೇಕು ಅಂತ ಅವಳಿಗೆ ಅನ್ನಿಸಿತು, ಅದಕ್ಕೂ ಶಕ್ತಿ ಇರಲಿಲ್ಲ. ಊರಿನಲ್ಲಿ ಹೊಗೆ ಜಾಸ್ತಿಯಾಗಿದೆ ಅಂತ ಆಫೀಸು ಬೇಗ ಮುಚ್ಚಿದರು. ಗ್ರೇಟರ್ ನೋಯ್ಡಾದ ತನ್ನ ಮನೆಗೆ ಹೋಗುವ ದಾರಿಯಲ್ಲಿ ನೆಹರೂ ಪ್ಲೇಸ್ ಮೆಟ್ರೊ ಹತ್ತಿರ ಬಿಡುತ್ತೇನೆ ಅಂದಳು. ಅವನು ಕಾರು ಹತ್ತಿದ.

ಟ್ರಾಫಿಕ್ ಇರುವೆ ಸಾಲಿನಂತೆ ನಿಧಾನವಾಗಿ ಹರಿಯುತ್ತಿತ್ತು. ಏನಾದರೂ ಮಾತಾಡಬೇಕಲ್ಲ ಅಂತ ಅವಳೇ ಶುರು ಮಾಡಿದಳು.

"ಸರಸು ಅವರಿಗೆ ಖುಷಿಯಾಗಿರಬೇಕು ಸರ್. ಇನ್ನು ನೀವು ಮನೆಯಲ್ಲೇ ಇರ್ತೀರಲ್ಲ."

"ಅವಳಿಗೇನು ಖುಷಿ? ಅಣ್ಣ ಬೇಗ ಮದುವೆಯಾಗಿ ಬೇರೆ ಮನೆ ಮಾಡಲಿ ಅಂತ ಕಾಯ್ತಿದ್ದಾಳೆ."

ಹಂಸಿನಿಯ ಕಾಲು ಬ್ರೇಕ್ ಒತ್ತಿತು. ಹಿಂದಿನವರು ಹಾರ್ನ್ ಬಾರಿಸಿದರು.

"ಸರಸು ನಿಮ್ಮ ತಂಗಿಯಾ?"

"ಮತ್ತೆ?"

"ಹಾಗಾದರೆ ಆ ಎರಡು ಹಾಸಿಗೆ..."

"ಒಂದು ನನಗೆ, ಇನ್ನೊಂದು ಗೆಸ್ಟುಗಳು ಕೊಂಡ ವೈನ್ ಬಾಟಲಿಗಳಿಗೆ. ನೆಲದಲ್ಲಿಟ್ಟರೆ ಕಾಲು ತಗಲಿ ಒಡೀತವೆ."

ನಗಬೇಕೆಂದುಕೊಂಡಳು, ಕಣ್ಣು ತುಂಬಿತು. ಅವನು ಪಕ್ಕಕ್ಕೆ ತಿರುಗಿ ನೋಡಿದ. ಅವಳು ರಸ್ತೆಯಿಂದ ಕಣ್ಣು ಕದಲಿಸಲಿಲ್ಲ. ಆದರೆ ಆ ನೋಟ ಕೆನ್ನೆಯ ಮೇಲೆ ಬಿಸಿಯಾಗಿ ನಿಂತದ್ದು ತಿಳಿಯುತ್ತಿತ್ತು.

"ಇದಕ್ಕೇನಾ ಇಷ್ಟು ವರ್ಷ ಸರ್ ಸರ್ ಅಂದಿದ್ದು?" ಮೆಲ್ಲಗೆ ಕೇಳಿದ. "ದೂರ ಇರು ಅಂತ ಹೇಳ್ತಿದ್ದೀರಿ ಅಂದುಕೊಂಡಿದ್ದೆ."

ನೆಹರೂ ಪ್ಲೇಸ್ ಬಂತು. ಅವಳು ಕಾರು ನಿಲ್ಲಿಸಲಿಲ್ಲ. ಮೆಟ್ರೊ ಸ್ಟೇಷನ್ ಹಿಂದೆ ಸರಿಯುವುದನ್ನು ಅವನೂ ನೋಡಿದ, ಸೀಟಿಗೆ ಒರಗಿ ಕೂತ.

ಕೆಲಸ ಯಾಕೆ ಬಿಟ್ಟಿರಿ ಅಂತ ಅವಳು ಕೇಳಿದಳು. ಅವನು ಹೇಳಿದ: "ಒಳ್ಳೆ ಕಿಟಕಿ ಸಿಕ್ಕಾಗಲೆಲ್ಲ ನಿಮಗೆ ಫೋನ್ ಮಾಡ್ತಿದ್ದೆ. ಫೋನ್ ಇಟ್ಟಮೇಲೆ ಆ ಕಿಟಕಿ ಕಡೆ ತಿರುಗೋಕೂ ಮನಸ್ಸಾಗ್ತಿರಲಿಲ್ಲ. ಸಾಕಾಗಿಹೋಯ್ತು."

ಇದನ್ನು ಇವತ್ತು ಹೇಳಬಾರದು ಅಂದುಕೊಂಡೇ ಕಾರು ಹತ್ತಿದ್ದನಂತೆ. ಅವಳಿಗೆ ಬೋರ್ಡೋಗೆ ಹೋಗುವ ಅವಕಾಶ ಬಂದಾಗ ತಾನು ಅಡ್ಡ ನಿಂತ ಹಾಗಾಗಬಾರದಲ್ಲ.

ಕಾಲಿಂದಿ ಕುಂಜ್ ಸೇತುವೆಯ ಕೆಳಗೆ ಯಮುನೆ ನೊರೆ ಹೊತ್ತು ನಿಂತಂತಿತ್ತು. ಸೇತುವೆ ದಾಟಿದ ಮೇಲೆ ಹಂಸಿನಿ ವೇಗ ತಗ್ಗಿಸಿದಳು.

"ಬೋರ್ಡೋಗೆ ಹೋಗ್ತೀನೋ ಇಲ್ಲವೋ ಇನ್ನೂ ಗೊತ್ತಿಲ್ಲ," ಅಂದಳು. "ಅದನ್ನ ನಾಳೆ ಯೋಚಿಸ್ತೀನಿ. ಆದರೆ ಇವತ್ತು ಒಬ್ಬಳೇ ಮನೆಗೆ ಹೋಗೋಕೆ ನನ್ನ ಕೈಲಿ ಆಗೋದಿಲ್ಲ, ಬೋಪಣ್ಣ."

ಗೇರ್ ಮೇಲಿದ್ದ ಅವಳ ಕೈ ಮೇಲೆ ಅವನು ತನ್ನ ಕೈ ಇಟ್ಟ. ಗ್ರೇಟರ್ ನೋಯ್ಡಾ ಬರುವವರೆಗೂ ತೆಗೆಯಲಿಲ್ಲ. ಅವಳು ಗೇರ್ ಬದಲಿಸಿದಾಗಲೆಲ್ಲ ಎರಡೂ ಕೈ ಒಟ್ಟಿಗೇ ಸರಿದವು.

ಮನೆಯಲ್ಲಿ ಅವಳು ಅನ್ನಕ್ಕಿಟ್ಟು ಸಾರಿಗೆ ಒಗ್ಗರಣೆ ಹಾಕಿ ಹೊರಗೆ ಬಂದಾಗ ಅವನು ಸೋಫಾದ ಮೇಲೆ, ಶೂ ಕೂಡ ಬಿಚ್ಚದೆ, ನಿದ್ದೆಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಪಕ್ಕದಲ್ಲಿದ್ದ ಫೋನು ಗುಂಯ್‌ಗುಡತೊಡಗಿತು. ಪರದೆಯ ಮೇಲೆ ಸರಸು ಅಂತ ಹೆಸರು. ಅವನಿಗೆ ಎಚ್ಚರವಾಗದಿರಲಿ ಅಂತ ಹಂಸಿನಿ ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದಳು.

ಅಣ್ಣ ಎಲ್ಲಿ ಅಂತ ಆ ಕಡೆಯ ದನಿ ಗಾಬರಿಯಿಂದ ಕೇಳಿತು.

"ಇಲ್ಲೇ ಇದ್ದಾರೆ, ಮಲಗಿದ್ದಾರೆ. ನಾನು ಹಂಸಿನಿ."

"ಓ, ಅಣ್ಣ ಯಾವಾಗಲೂ ಹೇಳುವ ಹಂಸಿನಿಯಾ?" ಆಮೇಲೆ ಸರಸು ನಿಡಿದಾಗಿ ಉಸಿರು ಬಿಟ್ಟಳು.

"ಹಾಗಾದರೆ ಎಬ್ಬಿಸಬೇಡಿ," ಅಂದಳು.