ಆರನೇ ಚೀಟಿ

ವೇದ ಸುಳ್ಳಾದರೂ ಗುದ್ದು ಸುಳ್ಳಾಗದು! ಎಂಬತ್ತೆರಡರಲ್ಲಿ ದೇವದುರ್ಗದಲ್ಲಿ ನಡೆದದ್ದಿದು, ಒಂದಕ್ಷರವೂ ಸುಳ್ಳಿಲ್ಲ.

"ಎಲ್ಲಿ ಅದಾನಲೇ ಇಂಗ್ಲೀಷ್ ಮಾಸ್ತರ?"

ಐದನೇ ತರಗತಿಯ ಬಾಗಿಲು ಒದ್ದು ಬಂದವನು ಕುರಿಗಾರ ಮೌನಪ್ಪ. ಹೆಸರಿಗಷ್ಟೇ ಮೌನ! ಕನಕರಾಯ ಮಾಸ್ತರ ತಿರುಗುವಷ್ಟರಲ್ಲಿ ಬಡಿಗೆ ಬಲಗೈಗೆ ಬಿತ್ತು. ಲಟಕ್! ಎರಡನೇ ಏಟು ಹಣೆಗೆ. ಬಿಳಿ ಅಂಗಿ ಕೆಂಪಾಯಿತು. ಮಕ್ಕಳು ಚೀರಿದರು.

ಮೂರನೇ ಏಟಿಗೆ ಅಡ್ಡ ಬಿದ್ದವಳು ಜಂಬಮ್ಮ. ಅದೇ ಶಾಲೆಯ ಟೀಚರು, ಮೌನಪ್ಪನ ತಂಗಿ. ಬಡಿಗೆ ಅವಳ ಭುಜ ಸೀಳಿತು. 'ಇವರು ಸತ್ತರೆ ನಾನೂ...'

"ಯಣ್ಣಾ, ಹುಚ್ಚು ಹಿಡದದೇನು?"

"ನಿನ್ನ ಚೀಲದಾಗ ಸಿಕ್ಕದ ಈ ಇಂಗ್ಲೀಷ್ ಚೀಟಿ! ಬಸ್ ಸ್ಟ್ಯಾಂಡಿನಾಗ ಓದಿಸೀನಿ. 'ಇವತ್ತ ನಿನ್ನ ಕರಕೊಂಡು ಹೋಗ್ತೀನಿ, ನಿಮ್ಮವರಿಗೆ ಹೇಳಬ್ಯಾಡ' ಅಂತ! ಇವನ ಅಕ್ಷರ!"

ಅಯ್ಯೋ... ಜಂಬಮ್ಮ ಬೆಳಗಿನಿಂದ ಹುಡುಕುತ್ತಿದ್ದ ಚೀಟಿ!

ಕನಕರಾಯ ಇಂಗ್ಲಿಷ್ ಕಥೆಯನ್ನು ಆರು ಸಾಲಿನಲ್ಲಿ ಬರೆದು, ಕತ್ತರಿಸಿದ ಚೀಟಿಗಳನ್ನು ಕಲಸಿ ಕೊಡುತ್ತಿದ್ದ. ಯಾವುದು ಮೊದಲು, ಯಾವುದು ಕೊನೆ, ಯಾರ ಮಾತು... ಮಕ್ಕಳೇ ಜೋಡಿಸಬೇಕು. ಮನೆಯಲ್ಲಿ ಕತ್ತರಿಸಿ ತರುವವಳು ಜಂಬಮ್ಮ.

ಅಣ್ಣನ ಕೈಯ ಚೀಟಿ ಕಿತ್ತು, ಉಳಿದ ಐದರ ಜೊತೆ ಮಕ್ಕಳ ಮುಂದೆ ಹಾಕಿದಳು. "ಜೋಡಸ್ರಿ! ಇವನಿಗೆ ಕನ್ನಡದಾಗ ಹೇಳ್ರಿ!"

ರಕ್ತ ಹನಿದ ನೆಲದ ಮೇಲೆ ಪುಟ್ಟ ಬೆರಳುಗಳು ಚೀಟಿ ಜೋಡಿಸಿದವು. ಗುಲ್ಶನ್ ಎಂಬ ಹುಡುಗಿ ಬಿಕ್ಕುತ್ತ ಹೇಳಿದಳು: "ಕುರಿಮರಿ ಒಂದ ಹೊಂಟಿತ್ತು... ತ್ವಾಳ ಬಂತು... 'ಇವತ್ತ ನಿನ್ನ ಕರಕೊಂಡು ಹೋಗ್ತೀನಿ, ನಿಮ್ಮವರಿಗೆ ಹೇಳಬ್ಯಾಡ' ಅಂತು... ಮರಿ ಚೀರ್ತು... ಕುರಿಗಾರ ಬಂದ... ತ್ವಾಳಕ್ಕ ಬಡದ."

ಬಡಿಗೆ ಜಾರಿತು.

"ತ್ವಾಳ... ಅಂದದ್ದಾ? ಹಡದವ್ವಾ... ನಾ ಮಾಸ್ತರಗ ಬಡದ್ನಲ್ಲಾ!"

ಮಾಸ್ತರನನ್ನು ಹೆಗಲ ಮೇಲೆ ಹೊತ್ತು ಓಡಿದವನೂ ಅವನೇ.

ನಾಲ್ಕನೇ ದಿನ, ರಾಯಚೂರಿನ ದವಾಖಾನೆ. ಕೈಗೆ ಪ್ಲಾಸ್ಟರ್, ಹಣೆಗೆ ಏಳು ಹೊಲಿಗೆ. ಜಂಬಮ್ಮ ಹಾಸಿಗೆಯ ಮೇಲೆ ಇಂಗ್ಲಿಷ್ ಚೀಟಿಗಳನ್ನು ಸುರಿದಳು. ಮುಖದಲ್ಲಿ ನಗುವಿಲ್ಲ.

"ಜೋಡಸ್ರಿ ಮಾಸ್ತರ."

ಒಂಟಿ ಕೈಯಲ್ಲಿ ಜೋಡಿಸಿದ. 'ಪ್ರಿಯ ಮಾಸ್ತರರೇ. ನನ್ನ ಮದುವೆ ಗೊತ್ತಾಗಿದೆ. ಅಣ್ಣನೇ ಗೊತ್ತು ಮಾಡಿದ. ವರ ಮಾನ್ವಿ ತಾಲೂಕಿನವನು. ನನಗೂ ಒಪ್ಪಿಗೆ.'

ಮೂರು ವರ್ಷ ಎದೆಯಲ್ಲೇ ಇಟ್ಟುಕೊಂಡ ಮಾತು... ತಡವಾಯಿತೇ? ತಾನೂ ಮಾನ್ವಿ ಕಡೆಯ ಮಲ್ಲಟದವನೆಂಬುದು ಪಾಪ, ಅವನಿಗೇ ನೆನಪಾಗಲಿಲ್ಲ!

"ಚೊಲೋ ಆತು ಬಿಡ್ರಿ..." ಕನಕರಾಯ ಚೀಟಿಗಳನ್ನು ಪಕ್ಕಕ್ಕೆ ಸರಿಸಿದ.

"ಎಷ್ಟು ಚೀಟಿ ಅದಾವ್ರೀ?"

"ಐದು..."

"ನಿಮ್ಮ ಕಥಿ ಯಾವತ್ತರ ಐದಕ್ಕ ಮುಗದದೇನು?"

ಮುಷ್ಟಿ ಬಿಚ್ಚಿದಳು. ಆರನೆಯದು: 'ವರನ ಹಣೆಯ ಮೇಲೆ ಏಳು ಹೊಲಿಗೆ.'

ಬಾಗಿಲಲ್ಲಿ ಮೌನಪ್ಪ ಇಣುಕಿದ. "ಈ ಸಲ ಪೂರ್ತಿ ಓದಿಸೀನ್ರಿ, ಮಾಸ್ತರ!"

ಕನಕರಾಯ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು!

"ನಗಬ್ಯಾಡ್ರೀ... ಹೊಲಿಗಿ ಬಿಚ್ಚತಾವ!"

"ಬಿಚ್ಚಲಿ ಜಂಬೂ... ಜೋಡ್ಸಾಕ ನೀ ಅದಿಯಲ್ಲ!"

ವಾರ್ಡೆಲ್ಲ ನಕ್ಕಿತು, ಅವನ ನಗುವೇ ಎಲ್ಲರಿಗಿಂತ ಜೋರು.